ಆಕ್ಟೇನ್ ಏರಿತು, ಮೈಲೇಜ್ ಏರಲಿಲ್ಲ: ಪವರ್ ಪೆಟ್ರೋಲಿಗೆ ಜಾಸ್ತಿ ದುಡ್ಡು ಕೊಡಬೇಕಾ?

ನಮ್ಮ ಬಂಕುಗಳಲ್ಲಿ ಸಿಗುವ ಮಾಮೂಲಿ ಪೆಟ್ರೋಲಿನ ಆಕ್ಟೇನ್ 91ರಿಂದ 95ಕ್ಕೆ ಏರಿದೆ. ಶೇ 20ರಷ್ಟು ಎಥನಾಲ್ ಬೆರೆಸಿದ್ದರಿಂದ ಹೀಗಾಗಿದೆ ಎಂದು 2025ರ ಆಗಸ್ಟಿನಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ ಹೇಳಿತು. ಅದೇ ಹೊತ್ತಿಗೆ ಗಾಡಿ ಓಡಿಸುವವರ ದೂರು ಬೇರೆಯೇ ಇತ್ತು: ಮೈಲೇಜ್ ಇಳಿದಿದೆ. ಎರಡೂ ನಿಜ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯ ಅನ್ನುವುದು ಅರ್ಥವಾದರೆ, ‘ಪವರ್ ಹಾಕ್ಲಾ ಸಾರ್, ನಾರ್ಮಲ್ ಹಾಕ್ಲಾ’ ಅನ್ನುವ ಪ್ರಶ್ನೆಗೆ ಉತ್ತರ ಅರ್ಧ ಸಿಕ್ಕ ಹಾಗೆ.

ಪವರ್, ಸ್ಪೀಡ್, ಎಕ್ಸ್‌ಪಿ 95. ಹೆಸರು ಏನೇ ಇರಲಿ, ಜನರ ಮನಸ್ಸಿನಲ್ಲಿ ಇವೆಲ್ಲ ‘ಒಳ್ಳೇ ಪೆಟ್ರೋಲ್’. ಹಾಕಿಸಿದರೆ ಪಿಕಪ್ ಜಾಸ್ತಿ, ಮೈಲೇಜ್ ಜಾಸ್ತಿ, ಇಂಜಿನ್ ಬಾಳಿಕೆ ಜಾಸ್ತಿ ಎಂಬ ನಂಬಿಕೆ. ಹಾಗಾದರೆ ಇಡೀ ದೇಶದ ಪೆಟ್ರೋಲ್ 95ಕ್ಕೆ ಏರಿದಾಗ ಎಲ್ಲರ ಮೈಲೇಜೂ ಏರಬೇಕಿತ್ತಲ್ವಾ? ಏರಲಿಲ್ಲ, ಇಳಿಯಿತು. ಯಾಕೆಂದರೆ ಆಕ್ಟೇನ್ ಅನ್ನುವುದು ಪೆಟ್ರೋಲಿನ ಶಕ್ತಿಯನ್ನು ಹೇಳುವ ಸಂಖ್ಯೆಯೇ ಅಲ್ಲ.

ಅದು ಹೇಳುವುದು ತಾಳಿಕೊಳ್ಳುವ ಗುಣವನ್ನು. ಇಂಜಿನ್ ಒಳಗೆ ಪಿಸ್ಟನ್ ಮೇಲೇರುತ್ತಾ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ. ಒತ್ತಿದಷ್ಟೂ ಅದು ಬಿಸಿಯಾಗುತ್ತದೆ. ಪಿಸ್ಟನ್ ತುದಿ ಮುಟ್ಟುವ ಸ್ವಲ್ಪ ಮೊದಲು ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಬೆಂಕಿ ಪ್ಲಗ್‌ನಿಂದ ಶುರುವಾಗಿ ಸಾಲಾಗಿ ಆಚೆ ಕಡೆಗೆ ಹರಡಬೇಕು. ಆದರೆ ಕೆಲವು ಸಲ ಈ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡ, ಬಿಸಿ ತಾಳಲಾರದೆ ತಾನೇ ಹೊತ್ತಿಕೊಂಡುಬಿಡುತ್ತದೆ. ಆಗ ಸಿಲಿಂಡರ್ ಒಳಗೆ ಒತ್ತಡದ ಅಲೆಗಳು ಗೋಡೆಗೆ ಬಡಿಯುತ್ತವೆ. ಹೊರಗೆ ನಮಗೆ ಕೇಳುವುದು ಕಟಕಟ ಸದ್ದು. ಇದನ್ನೇ ಮೆಕ್ಯಾನಿಕ್‌ಗಳು ನಾಕಿಂಗ್ ಅನ್ನುತ್ತಾರೆ. ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಏರಿನಲ್ಲಿ ಒಮ್ಮೆಲೇ ಆಕ್ಸಿಲರೇಟರ್ ತುಳಿದರೆ ಈ ಸದ್ದು ಬರುವ ಸಾಧ್ಯತೆ ಜಾಸ್ತಿ. ಜೋರಾಗಿ, ಬಹಳ ಹೊತ್ತು ನಾಕಿಂಗ್ ಆದರೆ ಪಿಸ್ಟನ್‌ಗೇ ತೂತು ಬೀಳಬಹುದು.

ಹೀಗೆ ಹೊತ್ತಿಗೆ ಮುಂಚೆ ತಾನೇ ಹೊತ್ತಿಕೊಳ್ಳದೆ ಕಿಡಿಗಾಗಿ ಕಾಯುವ ಗುಣಕ್ಕೆ ಕೊಡುವ ಅಂಕವೇ ಆಕ್ಟೇನ್. 1920ರ ದಶಕದಲ್ಲಿ ಅಮೆರಿಕದಲ್ಲಿ ಈ ಅಳತೆಗೋಲು ಹುಟ್ಟಿತು. ಬಹಳ ಚೆನ್ನಾಗಿ ತಾಳಿಕೊಳ್ಳುವ ಐಸೊ-ಆಕ್ಟೇನ್ ಎಂಬ ದ್ರವಕ್ಕೆ 100, ತಾಳಿಕೆಯೇ ಇಲ್ಲದ ಹೆಪ್ಟೇನ್‌ಗೆ 0 ಅಂತ ಇಟ್ಟರು. ಶುದ್ಧ ಹೆಪ್ಟೇನ್ ಆಗ ಸಿಗುತ್ತಿದ್ದದ್ದು ಜೆಫ್ರಿ ಪೈನ್ ಎಂಬ ಮರದ ಅಂಟಿನಿಂದ. ಅಳೆಯಲು ಒಂದೇ ಸಿಲಿಂಡರಿನ ವಿಶೇಷ ಇಂಜಿನ್ ಇದೆ. ಓಡುತ್ತಿರುವಾಗಲೇ ಅದರ ಕಂಪ್ರೆಷನ್, ಅಂದರೆ ಮಿಶ್ರಣವನ್ನು ಒತ್ತುವ ಪ್ರಮಾಣ, ಹೆಚ್ಚು ಕಡಿಮೆ ಮಾಡಬಹುದು. ಯಾವುದೋ ಒಂದು ಪೆಟ್ರೋಲ್ ಅದರಲ್ಲಿ 95 ಪಾಲು ಐಸೊ-ಆಕ್ಟೇನ್, 5 ಪಾಲು ಹೆಪ್ಟೇನ್ ಮಿಶ್ರಣದಷ್ಟೇ ನಾಕಿಂಗ್ ಮಾಡಿದರೆ ಅದರ ಅಂಕ 95. ಪೆಟ್ರೋಲಿನಲ್ಲಿ ನಿಜವಾಗಿ ಶೇ 95 ಐಸೊ-ಆಕ್ಟೇನ್ ಇರಬೇಕೆಂದೇನಿಲ್ಲ. ಅದಕ್ಕೇ ಎಥನಾಲ್‌ನಂಥ ದ್ರವಕ್ಕೆ 100 ದಾಟಿದ ಅಂಕವೂ ಬರುತ್ತದೆ. ಅದರದು ಸುಮಾರು 108.

ಅಳೆಯುವ ವಿಧಾನ ಎರಡು. ನಿಮಿಷಕ್ಕೆ 600 ಸುತ್ತಿನಲ್ಲಿ ಅಳೆದರೆ ರಿಸರ್ಚ್ ಆಕ್ಟೇನ್, ಅಂದರೆ ರಾನ್. 900 ಸುತ್ತಿನಲ್ಲಿ, ಬಿಸಿ ಮಿಶ್ರಣ ಕೊಟ್ಟು ಅಳೆದರೆ ಮೋಟಾರ್ ಆಕ್ಟೇನ್, ಅಂದರೆ ಮಾನ್. ಭಾರತ, ಯುರೋಪ್, ಕೊಲ್ಲಿ ದೇಶಗಳಲ್ಲಿ ಬಂಕಿನ ಮೇಲೆ ಕಾಣುವುದು ರಾನ್. ಅಮೆರಿಕದಲ್ಲಿ ಎರಡರ ಸರಾಸರಿ ಬರೆಯುತ್ತಾರೆ. ಅದಕ್ಕೇ ಅಲ್ಲಿನ ಮಾಮೂಲಿ ಪೆಟ್ರೋಲ್ 87 ಅಂತ ಕಾಣುತ್ತದೆ. ಕ್ಯಾಲಿಫೋರ್ನಿಯಾದಿಂದ ರಜೆಗೆ ಬಂದ ನೆಂಟರು ‘ಅಲ್ಲಿ 87ರಲ್ಲೇ ಓಡಿಸ್ತೀವಿ’ ಅಂದರೆ ಅದು ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ 91. ದುಬೈನಲ್ಲಿರುವವರು ಹಾಕಿಸುವ ‘ಸ್ಪೆಷಲ್ 95’ ಮತ್ತು ನಮ್ಮ 95 ಮಾತ್ರ ಒಂದೇ ಅಳತೆಯವು.

ಆಕ್ಟೇನ್ ಜಾಸ್ತಿ ಅಂದರೆ ಶಕ್ತಿ ಜಾಸ್ತಿ ಅಲ್ಲ ಅನ್ನುವುದಕ್ಕೆ ಬೆಂಗಳೂರಿನ ರಸ್ತೆಯಲ್ಲೇ ಸಾಕ್ಷಿ ಓಡಾಡುತ್ತಿದೆ. ಸಿಎನ್‌ಜಿಯ ಆಕ್ಟೇನ್ 120ರ ಆಸುಪಾಸು. ಯಾವ ಪವರ್ ಪೆಟ್ರೋಲೂ ಅದರ ಹತ್ತಿರ ಸುಳಿಯುವುದಿಲ್ಲ. ಆದರೂ ಸಿಎನ್‌ಜಿ ಹಾಕಿದ ಕಾರು ಪೆಟ್ರೋಲಿಗೆ ಹೋಲಿಸಿದರೆ ಪಿಕಪ್ ಕಮ್ಮಿ ಅಂತ ಓಡಿಸುವವರಿಗೆಲ್ಲ ಗೊತ್ತು. ಎಥನಾಲ್ ಕತೆಯೂ ಇದೇ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಒಂದು ಲೀಟರ್ ಎಥನಾಲ್‌ನಲ್ಲಿ ಇರುವುದು ಸುಮಾರು 21. ಮೂರನೇ ಎರಡು ಪಾಲು ಅಷ್ಟೇ. ಐದನೇ ಒಂದು ಪಾಲು ಎಥನಾಲ್ ಬೆರೆಸಿದರೆ ಲೀಟರಿನ ಒಟ್ಟು ಶಕ್ತಿ ಶೇ 7ರಷ್ಟು ಇಳಿಯುತ್ತದೆ. ಆಕ್ಟೇನ್ ಮಾತ್ರ ಮೇಲೇರುತ್ತದೆ.

ಹಾಗಾದರೆ ಜಾಸ್ತಿ ಆಕ್ಟೇನ್ ಯಾರಿಗೆ ಬೇಕು? ಮಿಶ್ರಣವನ್ನು ಜೋರಾಗಿ ಒತ್ತುವ ಇಂಜಿನ್‌ಗೆ. ಜಾಸ್ತಿ ಒತ್ತಿದಷ್ಟೂ ಅದೇ ಪೆಟ್ರೋಲಿನಿಂದ ಜಾಸ್ತಿ ಕೆಲಸ ತೆಗೆಯಬಹುದು. ನಾಕಿಂಗ್ ಭಯವೂ ಅಷ್ಟೇ ಜಾಸ್ತಿ. ಅಂದರೆ ಹೆಚ್ಚಿನ ಆಕ್ಟೇನ್ ತಾನಾಗಿ ಏನನ್ನೂ ಕೊಡುವುದಿಲ್ಲ. ಅದನ್ನು ಬಳಸಿಕೊಳ್ಳುವಂತೆ ಕಟ್ಟಿದ ಇಂಜಿನ್‌ಗೆ ದಾರಿ ಬಿಟ್ಟುಕೊಡುತ್ತದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಕಂಪ್ರೆಷನ್ ರೇಷಿಯೊ 9.5:1, ಅಂದರೆ ಒಂಬತ್ತೂವರೆ ಪಾಲು ಜಾಗದ ಮಿಶ್ರಣವನ್ನು ಒಂದು ಪಾಲಿಗೆ ಒತ್ತುತ್ತದೆ. ಅದಕ್ಕೆ 91 ಧಾರಾಳವಾಗಿ ಸಾಕಿತ್ತು. ಡುಕಾಟಿ ಪಾನಿಗಾಲೆ ವಿ4ರದು 14:1. ಅದಕ್ಕೆ ಒಳ್ಳೆಯ ಆಕ್ಟೇನ್ ಬೇಕೇ ಬೇಕು. ನಡುವೆ ಇರುವವರದೇ ಗೊಂದಲ. ಮಾರುತಿಯ 1.2 ಲೀಟರ್ ಡ್ಯುಯಲ್‌ಜೆಟ್ ಇಂಜಿನ್ 12:1 ಇದ್ದರೂ ಮಾಮೂಲಿ ಪೆಟ್ರೋಲಿನಲ್ಲೇ ನೆಮ್ಮದಿಯಾಗಿ ಓಡುತ್ತದೆ. ಸಿಲಿಂಡರಿನ ಆಕಾರ, ಇಂಧನ ಚಿಮ್ಮಿಸುವ ರೀತಿ, ತಂಪು ಮಾಡುವ ವ್ಯವಸ್ಥೆ ಎಲ್ಲ ಸೇರಿ ಅದನ್ನು ನಿಭಾಯಿಸುತ್ತವೆ. ಹಾಗಾಗಿ ಕಂಪ್ರೆಷನ್ ಸಂಖ್ಯೆ ಒಂದನ್ನೇ ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ಟರ್ಬೊ ಇಂಜಿನ್‌ಗಳಲ್ಲಿ ಕಂಪ್ರೆಷನ್ ಕಡಿಮೆ ಕಂಡರೂ ಗಾಳಿಯನ್ನು ಮೊದಲೇ ಒತ್ತಿ ತುಂಬುವುದರಿಂದ ಅವಕ್ಕೆ ಆಕ್ಟೇನ್ ಹಸಿವು ಜಾಸ್ತಿ.

ಈಗಿನ ಕಾರುಗಳಲ್ಲಿ ನಾಕ್ ಸೆನ್ಸರ್ ಅಂತ ಒಂದು ಪುಟ್ಟ ಭಾಗ ಇರುತ್ತದೆ. ಇಂಜಿನ್ ಬ್ಲಾಕಿಗೆ ಕಚ್ಚಿಕೊಂಡು ಕುಳಿತಿರುತ್ತದೆ. ನಮ್ಮ ಕಿವಿಗೆ ಬೀಳುವ ಮೊದಲೇ ನಾಕಿಂಗ್ ಕೇಳಿಸಿಕೊಂಡು ಇಸಿಯುಗೆ, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ ತಿಳಿಸುತ್ತದೆ. ಇಸಿಯು ಕಿಡಿ ಹಾರಿಸುವ ಹೊತ್ತನ್ನು ಸ್ವಲ್ಪ ತಡ ಮಾಡುತ್ತದೆ. ಇಂಜಿನ್ ಉಳಿಯುತ್ತದೆ, ಶಕ್ತಿ ಮತ್ತು ಮೈಲೇಜ್ ತುಸು ಕಡಿಮೆಯಾಗುತ್ತದೆ. ಇಂಥ ಕಾರಿಗೆ 95 ಬೇಕು ಅಂತ ಕಂಪನಿ ಹೇಳಿದ್ದರೆ, 91ರಿಂದ 95ಕ್ಕೆ ಹೋದಾಗ ವ್ಯತ್ಯಾಸ ಕಾಣಬಹುದು. ನಮ್ಮ 100, 125 ಸಿಸಿ ಬೈಕು ಸ್ಕೂಟರುಗಳಲ್ಲಿ ಸಾಮಾನ್ಯವಾಗಿ ಈ ಸೆನ್ಸರೇ ಇಲ್ಲ. ಕಿಡಿಯ ಹೊತ್ತು ಮೊದಲೇ ಬರೆದಿಟ್ಟ ಲೆಕ್ಕದಂತೆ ನಡೆಯುತ್ತದೆ. ಟ್ಯಾಂಕಿಗೆ 91 ಬಂದಿದೆಯೋ 99 ಬಂದಿದೆಯೋ ಆ ಬೈಕಿಗೆ ಗೊತ್ತೇ ಆಗುವುದಿಲ್ಲ.

ಇನ್ನು ದುಡ್ಡಿನ ಲೆಕ್ಕ. ಪ್ರೀಮಿಯಂ 95ಕ್ಕೆ ಮಾಮೂಲಿಗಿಂತ ಲೀಟರಿಗೆ 8 ರೂಪಾಯಿ ಜಾಸ್ತಿ ಅಂತ ಇಟ್ಟುಕೊಳ್ಳಿ. ಊರು, ಕಂಪನಿ ನೋಡಿಕೊಂಡು ಇದು ಬದಲಾಗುತ್ತದೆ. ಮಾಮೂಲಿ ಪೆಟ್ರೋಲ್ 103 ರೂಪಾಯಿ ಆದರೆ, ಈ 8 ರೂಪಾಯಿ ವಾಪಸ್ ಬರಬೇಕಾದರೆ ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕ್ ಸುಮಾರು 54 ಕೊಡಬೇಕು. ಯಾವ ಸಣ್ಣ ಬೈಕೂ ಬರೀ ಆಕ್ಟೇನ್ ಬದಲಾಯಿಸಿದ್ದಕ್ಕೆ ಹಾಗೆ ಕೊಡುವುದಿಲ್ಲ. ದಿನಕ್ಕೆ ನೂರು ಕಿಲೋಮೀಟರ್ ಸುತ್ತುವ ಡೆಲಿವರಿ ಹುಡುಗನೊಬ್ಬ ಸುಮ್ನೆ ಪವರ್ ಹಾಕಿಸುತ್ತಾ ಹೋದರೆ ತಿಂಗಳಿಗೆ 480 ರೂಪಾಯಿ, ವರ್ಷಕ್ಕೆ ಐದು ಸಾವಿರದ ಏಳುನೂರು ಚಿಲ್ಲರೆ ಹೆಚ್ಚಿಗೆ ತೆರುತ್ತಾನೆ. ಅದರಲ್ಲಿ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿ, ಚೈನ್ ಸೆಟ್ ಹೊಸದು ಹಾಕಿಸಿ, ಒಂದು ಟೈರೂ ಕೊಳ್ಳಬಹುದು. ಅವನ ಬೈಕಿಗೆ ನಿಜವಾಗಿ ಒಳ್ಳೆಯದಾಗುವುದು ಅದರಿಂದ.

ಈ ಹೆಚ್ಚಿನ ಬೆಲೆ ಪೂರ್ತಿ ಪೆಟ್ರೋಲಿನ ಗುಣಕ್ಕೆ ಹೋಗುವುದೂ ಇಲ್ಲ. ನಮ್ಮ ರಾಜ್ಯದಲ್ಲಿ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿತು. ತೆರಿಗೆ ಶೇಕಡಾ ಲೆಕ್ಕದಲ್ಲಿ ಇರುವುದರಿಂದ ಪೆಟ್ರೋಲ್ ದುಬಾರಿಯಾದಷ್ಟೂ ತೆರಿಗೆಯೂ ಜಾಸ್ತಿಯಾಗುತ್ತದೆ.

ಅಮೆರಿಕದ ವಾಹನ ಸವಾರರ ಸಂಘಟನೆ ಎಎಎ ಇದನ್ನು ಪರೀಕ್ಷೆ ಮಾಡಿಯೇ ನೋಡಿದೆ. ಮಾಮೂಲಿ ಪೆಟ್ರೋಲ್ ಸಾಕು ಅಂತ ಕಂಪನಿಯೇ ಹೇಳಿದ ಕಾರುಗಳಿಗೆ ಪ್ರೀಮಿಯಂ ಹಾಕಿದರೆ ಏನೂ ಲಾಭವಿಲ್ಲ ಅಂತ 2016ರಲ್ಲಿ ಹೇಳಿತು. ಹೀಗೆ ಸುಮ್ಮನೆ ಪ್ರೀಮಿಯಂ ಹಾಕಿಸಿ ಅಮೆರಿಕನ್ನರು ವರ್ಷಕ್ಕೆ 210 ಕೋಟಿ ಡಾಲರ್ ಕಳೆಯುತ್ತಿದ್ದಾರೆ ಎಂದು ಲೆಕ್ಕ ಹಾಕಿತು. ಮರುವರ್ಷ, ಪ್ರೀಮಿಯಂ ಕಡ್ಡಾಯವಲ್ಲ ಆದರೆ ಹಾಕಿದರೆ ಒಳ್ಳೆಯದು ಅಂತ ಕಂಪನಿ ಹೇಳುವ ಕಾರುಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಮೈಲೇಜ್ ಸರಾಸರಿ ಶೇ 2.7 ಏರಿತು, ಶಕ್ತಿ ಶೇ 1.4 ಏರಿತು. ಲಾಭ ಪಡೆಯುವಂತೆ ಕಟ್ಟಿದ ಕಾರುಗಳಲ್ಲೇ ಸಿಕ್ಕಿದ್ದು ಇಷ್ಟು. ನಮ್ಮ 8 ರೂಪಾಯಿ ಲೆಕ್ಕಕ್ಕೆ ಬೇಕಾಗುವುದು ಶೇ 8ರ ಹತ್ತಿರ.

‘ಪ್ರೀಮಿಯಂ’ ಅನ್ನುವ ಬೋರ್ಡಿನ ಕೆಳಗೆ ಎರಡು ಬೇರೆ ಬೇರೆ ವಸ್ತುಗಳು ಕೂತಿವೆ. ಒಂದು ಆಕ್ಟೇನ್. ಇನ್ನೊಂದು ಡಿಟರ್ಜೆಂಟ್, ಅಂದರೆ ಇಂಜೆಕ್ಟರ್ ಮತ್ತು ವಾಲ್ವ್‌ಗಳಲ್ಲಿ ಕೊಳೆ ಕಟ್ಟದಂತೆ ನೋಡಿಕೊಳ್ಳುವ ಅಡಿಟಿವ್. 2000ದ ಆರಂಭದ ವರ್ಷಗಳಲ್ಲಿ ನಮ್ಮಲ್ಲಿ ಬ್ರಾಂಡೆಡ್ ಪೆಟ್ರೋಲ್ ಶುರುವಾದಾಗ ಮಾರಾಟವಾದದ್ದು ಹೆಚ್ಚಾಗಿ ಈ ಅಡಿಟಿವ್ ಮಹಿಮೆಯ ಮೇಲೆ. ಡಿಟರ್ಜೆಂಟ್ ನಿಜಕ್ಕೂ ಕೆಲಸ ಮಾಡುವ ವಸ್ತು. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಅದಕ್ಕೂ ಮಿತಿ ಇದೆ. ಸಿಲಿಂಡರ್ ಒಳಕ್ಕೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವ್ ಮೇಲೆ ಪೆಟ್ರೋಲ್ ಬೀಳುವುದೇ ಇಲ್ಲ. ಎಷ್ಟೇ ಒಳ್ಳೆಯ ಡಿಟರ್ಜೆಂಟ್ ಹಾಕಿದರೂ ಅಲ್ಲಿನ ಕೊಳೆ ತೊಳೆಯುವುದಿಲ್ಲ. ಹಳೇ ಕಾರಿನಲ್ಲಿ ಕಾರ್ಬನ್ ಕಟ್ಟಿ ನಾಕಿಂಗ್ ಶುರುವಾಗಿದ್ದರೆ ಜಾಸ್ತಿ ಆಕ್ಟೇನ್ ಹಾಕಿದಾಗ ಸದ್ದು ನಿಲ್ಲುತ್ತದೆ, ಖಂಡಿತ. ಕಾರ್ಬನ್ ಮಾತ್ರ ಅಲ್ಲೇ ಇರುತ್ತದೆ. ಆ ದುಡ್ಡನ್ನು ಒಳ್ಳೆಯ ಮೆಕ್ಯಾನಿಕ್‌ಗೆ ಕೊಡುವುದು ಮೇಲು.

ಊರಿನ ಎತ್ತರಕ್ಕೂ ಆಕ್ಟೇನ್‌ಗೂ ಸಂಬಂಧ ಇದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತನೇ ಒಂದು ಭಾಗದಷ್ಟು ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಅಷ್ಟು ಕಡಿಮೆ ಗಾಳಿ ಎಳೆದುಕೊಳ್ಳುತ್ತದೆ. ಒಳಗಿನ ಒತ್ತಡವೂ ಅಷ್ಟು ಇಳಿಯುತ್ತದೆ. ನಾಕಿಂಗ್ ಸಾಧ್ಯತೆಯೂ ಇಳಿಯುತ್ತದೆ. ಅಮೆರಿಕದ ಬೆಟ್ಟದ ರಾಜ್ಯ ಕೊಲೊರಾಡೊದಲ್ಲಿ ಇದೇ ಕಾರಣಕ್ಕೆ 87ರ ಬದಲು 85 ಮಾರುತ್ತಾರೆ. ಅದೇ ಕಾರನ್ನು ಏಪ್ರಿಲ್ ಬಿಸಿಲಿನಲ್ಲಿ ಐದು ಜನ, ಲಗೇಜು ತುಂಬಿಕೊಂಡು ಉಪ್ಪಿನಂಗಡಿ ಕಡೆಯಿಂದ ಶಿರಾಡಿ ಘಾಟಿ ಹತ್ತಿಸಿ ನೋಡಿ. ಕಡಿಮೆ ಎತ್ತರ, ಬಿಸಿ ಗಾಳಿ, ಪೂರ್ತಿ ಭಾರ, ಏರು, ಮುಂದೆ ತೆವಳುವ ಲಾರಿ. ನಾಕಿಂಗ್‌ಗೆ ಬೇಕಾದ್ದೆಲ್ಲ ಅಲ್ಲಿದೆ. ಟರ್ಬೊ ಕಾರಿನವರಿಗೆ ಜಾಸ್ತಿ ಆಕ್ಟೇನ್ ಉಪಯೋಗಕ್ಕೆ ಬರುವುದು ಇಂಥ ದಾರಿಯಲ್ಲಿ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿರುವಾಗ ಅದರಿಂದ ಪ್ರಯೋಜನವಿಲ್ಲ. ಇನ್ನೊಂದು ವಿಷಯ: ಘಾಟಿಯಲ್ಲಿ ಕಟಕಟ ಕೇಳಿದ ಕೂಡಲೇ ಒಂದು ಗೇರ್ ಇಳಿಸಿದರೆ ಬಹಳ ಸಲ ಅಲ್ಲೇ ನಿಲ್ಲುತ್ತದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಆಕ್ಟೇನ್ ಏರಿಸುವುದು ಯಾವತ್ತೂ ಬಿಟ್ಟಿ ಕೆಲಸವಾಗಿರಲಿಲ್ಲ. 1921ರಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆ ಎಂದು ಕಂಡುಕೊಂಡ. ಅಗ್ಗದ ದಾರಿ. ಅದರ ಬೆಲೆಯನ್ನು ಮಕ್ಕಳ ಮೆದುಳು ತೆತ್ತಿತು. ದಶಕಗಳ ಕಾಲ ಸೀಸದ ಹೊಗೆ ನಗರಗಳ ಗಾಳಿಯಲ್ಲಿ ತುಂಬಿತ್ತು. ಭಾರತದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಸೀಸ ಹೋದ ಮೇಲೆ ರಿಫೈನರಿಗಳು ಹೈಡ್ರೋಕಾರ್ಬನ್ ಅಣುಗಳನ್ನೇ ಮುರಿದು, ಬಾಗಿಸಿ, ಜೋಡಿಸಿ ಆಕ್ಟೇನ್ ಏರಿಸಬೇಕಾಯಿತು. ಅದು ದುಬಾರಿ. ಈಗ ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ತಯಾರಾಗುವ ಎಥನಾಲ್ ಅದೇ ಕೆಲಸ ಮಾಡುತ್ತಿದೆ. ಆಕ್ಟೇನ್ ದೃಷ್ಟಿಯಿಂದ ನೋಡಿದರೆ ಎಥನಾಲ್ ಒಳ್ಳೆಯ ವಸ್ತುವೇ.

ತೊಂದರೆ ಎಲ್ಲಿ ಅಂದರೆ, ಏರಿದ ಆಕ್ಟೇನ್ ಬಳಸಿಕೊಳ್ಳಲು ರಸ್ತೆಯಲ್ಲಿರುವ ಹಳೇ ಗಾಡಿಗಳಿಗೆ ಬರುವುದಿಲ್ಲ. ಶೇ 20 ಎಥನಾಲ್‌ಗೆ ಹೊಂದುವಂತೆಯೇ ಇಂಜಿನ್ ಕಟ್ಟಿದರೆ, ಹೆಚ್ಚಿದ ಆಕ್ಟೇನ್‌ನಿಂದ ಕಂಪ್ರೆಷನ್ ಏರಿಸಿ ಕಳೆದುಕೊಂಡ ಮೈಲೇಜಿನಲ್ಲಿ ಒಂದಷ್ಟು ವಾಪಸ್ ಪಡೆಯಬಹುದು. 2021ರ ನೀತಿ ಆಯೋಗದ ವರದಿಯೇ ಇದನ್ನು ಬಿಡಿಸಿ ಹೇಳಿತ್ತು. ಶೇ 20ರ ಪೆಟ್ರೋಲ್ ಹಾಕಿದರೆ, ಎಥನಾಲ್ ಇಲ್ಲದ ಪೆಟ್ರೋಲಿಗೆ ಕಟ್ಟಿ, ಶೇ 10ಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ 6ರಿಂದ 7, ಅಂಥ ಬೈಕುಗಳಲ್ಲಿ ಶೇ 3ರಿಂದ 4 ಇಳಿಯಬಹುದು. ಶೇ 10ಕ್ಕೆ ಕಟ್ಟಿ ಶೇ 20ಕ್ಕೆ ಹೊಂದಿಸಿದ ಕಾರುಗಳಲ್ಲಿ ಇಳಿಕೆ ಶೇ 1ರಿಂದ 2 ಮಾತ್ರ. 2023ರ ಫೆಬ್ರವರಿಯಲ್ಲಿ ಪ್ರಧಾನಿ ಶೇ 20ರ ಪೆಟ್ರೋಲಿಗೆ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ. ಎರಡು ವರ್ಷ ಕಳೆಯುವಷ್ಟರಲ್ಲಿ ಅದು ದೇಶದ ತುಂಬಾ ಹರಡಿತು. ಎಥನಾಲ್ ಇಲ್ಲದ ಪೆಟ್ರೋಲ್ ಆಯ್ಕೆಯೂ ಇರಲಿ ಎಂದು ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಆಮೇಲೆ ಒಂದು ಹೊಸ ನಂಬಿಕೆ ಹುಟ್ಟಿಕೊಂಡಿತು. ಪವರ್ ಹಾಕಿಸಿದರೆ ಎಥನಾಲ್ ತಪ್ಪುತ್ತದೆ ಅಂತ. ತಪ್ಪುವುದಿಲ್ಲ. 95ರ ಪ್ರೀಮಿಯಂ ಪೆಟ್ರೋಲಿಗೂ ಎಥನಾಲ್ ಬೆರೆಸುತ್ತಾರೆ. ಮಾಮೂಲಿಯೂ 95, ಪ್ರೀಮಿಯಮ್ಮೂ 95, ಎರಡರಲ್ಲೂ ಎಥನಾಲ್ ಇದೆ ಅಂದರೆ ಹೆಚ್ಚಿಗೆ ಕೊಟ್ಟ ದುಡ್ಡಿಗೆ ಉಳಿಯುವುದು ಡಿಟರ್ಜೆಂಟ್ ಮಾತ್ರ. ನನ್ನ ದೃಷ್ಟಿಯಲ್ಲಿ ಇವತ್ತಿನ ಮಟ್ಟಿಗೆ 95ರ ಪ್ರೀಮಿಯಂ ಹಾಕಿಸಲು ಸಾಧಾರಣ ಬೈಕು, ಸ್ಕೂಟರ್, ಸಣ್ಣ ಕಾರಿನವರಿಗೆ ಕಾರಣವೇ ಉಳಿದಿಲ್ಲ.

100ರ ಕತೆ ಬೇರೆ. ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ ಮಥುರಾ ರಿಫೈನರಿಯಲ್ಲಿ ತಯಾರಿಸಿದ ಎಕ್ಸ್‌ಪಿ 100 ಬಿಡುಗಡೆ ಮಾಡಿತು. ಆಗಲೇ ಲೀಟರಿಗೆ 160 ರೂಪಾಯಿ ಆಸುಪಾಸು. ಆ ಬೆಲೆಯಲ್ಲಿ ದುಡ್ಡು ವಾಪಸ್ ಬರಬೇಕಾದರೆ ನಮ್ಮ 50 ಕಿಲೋಮೀಟರಿನ ಬೈಕ್ ಸುಮಾರು 78 ಕೊಡಬೇಕು. ಅಂದರೆ ಮೈಲೇಜಿಗಾಗಿ ಅದನ್ನು ಹಾಕಿಸುವುದರಲ್ಲಿ ಅರ್ಥವೇ ಇಲ್ಲ. ಆದರೂ ಎಥನಾಲ್ ಬೆರೆಸದ ಪೆಟ್ರೋಲ್ ಎಂದೇ ಅದನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಆರ್‌ಎಕ್ಸ್ 100, ಯೆಜ್ಡಿಯಂಥ ಹಳೇ ಗಾಡಿಗಳನ್ನು ಮಗುವಿನಂತೆ ನೋಡಿಕೊಳ್ಳುವವರು ಮೈಸೂರು, ಬೆಂಗಳೂರಿನಲ್ಲಿ ಬೇಕಾದಷ್ಟು ಜನ. ಇವು ಭಾನುವಾರ ಹೊರಬಂದು ವಾರವೆಲ್ಲ ನಿಂತೇ ಇರುತ್ತವೆ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ನಿಂತ ಗಾಡಿಯ ಟ್ಯಾಂಕಿನಲ್ಲಿ ತುಕ್ಕು ಹಿಡಿಸಬಹುದು, ಹಳೇ ರಬ್ಬರ್ ಪೈಪು, ವಾಷರ್‌ಗಳನ್ನು ಹಾಳು ಮಾಡಬಹುದು. ತಿಂಗಳಿಗೆ ನಾಲ್ಕೈದು ಲೀಟರ್ ಕುಡಿಯುವ ಗಾಡಿಗೆ ಒಂದಿನ್ನೂರೈವತ್ತು, ಮುನ್ನೂರು ರೂಪಾಯಿ ಹೆಚ್ಚಿಗೆ ಹೋದರೂ ಟ್ಯಾಂಕ್ ಬದಲಿಸುವುದಕ್ಕಿಂತ ಕಡಿಮೆಯೇ. ಹಾಕಿಸುವ ಮೊದಲು ಎಥನಾಲ್ ಇದೆಯೋ ಇಲ್ಲವೋ ಅಂತ ಬಂಕಿನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಬೇಕು, ಅಷ್ಟೇ.

ನಿಮ್ಮ ಗಾಡಿಗೆ ಏನು ಬೇಕು ಅನ್ನುವುದನ್ನು ಕಂಪನಿ ಎರಡು ಕಡೆ ಬರೆದಿರುತ್ತದೆ. ಮಾಲೀಕರ ಕೈಪಿಡಿಯಲ್ಲಿ, ಹಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕರ್‌ನಲ್ಲಿ. ಅಲ್ಲಿ 91 ಅಂತಿದ್ದರೆ 91 ಸಾಕು. ‘ಕನಿಷ್ಠ 95’ ಅಂತಿದ್ದರೆ ಅದನ್ನು ಪಾಲಿಸಬೇಕು, ಅಲ್ಲಿ ಉಳಿತಾಯ ಮಾಡಲು ಹೋಗಬಾರದು. ‘95 ಉತ್ತಮ, 91 ಆಗಬಹುದು’ ಅಂತಿದ್ದರೆ ನೀವು ಓಡಿಸುವ ರೀತಿ ನೋಡಿ ತೀರ್ಮಾನ ಮಾಡಿ. ಎಥನಾಲ್ ಶೇ 10ಕ್ಕಿಂತ ಜಾಸ್ತಿ ಬೇಡ ಅಂತ ಬರೆದಿದ್ದರೆ ಸರ್ವೀಸ್ ಸೆಂಟರಿನವರಿಂದ ಲಿಖಿತವಾಗಿ ಸಲಹೆ ಕೇಳಿ.

ಗಾಡಿ ಕಡೆಯಿಂದ ಮಾಹಿತಿ ಸಿಗುತ್ತದೆ. ಬಂಕಿನ ಕಡೆಯಿಂದಲೇ ಸಿಗುವುದಿಲ್ಲ. ನನ್ನ ಸಿಟ್ಟು ಇರುವುದು ಇದರ ಬಗ್ಗೆ. ಸಂಜೆ ಹೊತ್ತು ಸಾಲಿನಲ್ಲಿ ನಿಂತು ಮುಂದೆ ಬಂದರೆ ‘ನಾರ್ಮಲ್ ಖಾಲಿ, ಪವರ್ ಮಾತ್ರ ಇದೆ’ ಅನ್ನುವ ಅನುಭವ ನನಗೂ ಆಗಿದೆ, ನಿಮಗೂ ಆಗಿರುತ್ತದೆ. ಪವರ್ ಅಂದರೆ ಎಷ್ಟು ಆಕ್ಟೇನ್ ಅಂತ ಕೇಳಿದರೆ ಪೆಟ್ರೋಲ್ ಹಾಕುವ ಹುಡುಗ ಪಕ್ಕದವನ ಮುಖ ನೋಡುತ್ತಾನೆ. ತಪ್ಪು ಅವನದಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅಮೆರಿಕದಲ್ಲಿ ಪ್ರತಿ ಪಂಪಿನ ಮೇಲೂ ಹಳದಿ ಚೀಟಿಯಲ್ಲಿ ಆಕ್ಟೇನ್ ಸಂಖ್ಯೆ ಹಾಕಲೇಬೇಕು, ಅದು ಕಾನೂನು. ನಮ್ಮಲ್ಲಿ ಕೆಲವು ಬ್ರಾಂಡ್‌ಗಳ ಹೆಸರಿನಲ್ಲೇ ಸಂಖ್ಯೆ ಇದೆ, ಕೆಲವಕ್ಕೆ ಬರೀ ಹೆಸರು. ಎಥನಾಲ್ ಎಷ್ಟಿದೆ ಎಂಬುದು ಎಷ್ಟೋ ಕಡೆ ಕಣ್ಣಿಗೆ ಬೀಳುವ ಜಾಗದಲ್ಲಿ ಇಲ್ಲ. ಬಂಕಿನಲ್ಲಿ ಡೆನ್ಸಿಟಿ ಕೇಳಿದರೆ ತೋರಿಸಬೇಕು, ಫಿಲ್ಟರ್ ಪೇಪರ್ ಪರೀಕ್ಷೆ ಕೇಳಿದರೆ ಮಾಡಿಸಬೇಕು, ಐದು ಲೀಟರ್ ಅಳತೆ ಕೇಳಿದರೆ ಅಳೆದು ತೋರಿಸಬೇಕು. ಈ ಹಕ್ಕುಗಳು ಈಗಲೇ ನಮಗಿವೆ. ಆಕ್ಟೇನ್ ಎಷ್ಟು, ಎಥನಾಲ್ ಶೇಕಡಾ ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಪ್ರತಿ ನಾಜಲ್ ಮೇಲೆ ಕನ್ನಡದಲ್ಲಿ, ದೊಡ್ಡದಾಗಿ ಬರೆಯುವುದನ್ನೂ ಇದಕ್ಕೆ ಸೇರಿಸಬೇಕು. ತೈಲ ಕಂಪನಿಗಳಿಗೆ ಇದರಿಂದ ಆಗುವ ಖರ್ಚು ಒಂದು ಸ್ಟಿಕರ್ ಮಾತ್ರ.